ಹುಳ ಬಿದ್ದದ್ದೆಲ್ಲ ಅಸಲಿಯೇ?

ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ಲೆಬನಾನಿಗೆ ಹೋಗಿದ್ದ ಕುಂದಗೋಳ ತಾಲ್ಲೂಕಿನ ಸೈನಿಕರೊಬ್ಬರು ಬರುವಾಗ ಒಂದು ಸಿಗಾರ್ ಡಬ್ಬಿ ತಂದಿದ್ದರು. ಸ್ವಂತಕ್ಕಲ್ಲ, ಯಾರಿಗೋ ಉಡುಗೊರೆ ಕೊಡಲಿಕ್ಕೆ. ಮೇಲೆ ಗಾಜಿನ ಮುಚ್ಚಳ, ಒಳಗೆ ಸಾಲಾಗಿ ಕಂದು ಬಣ್ಣದ ಸಿಗಾರುಗಳು, ಒಂದೊಂದಕ್ಕೂ ಹಳದಿ-ಕಪ್ಪು ಕಾಗದದ ಪಟ್ಟಿ, ಪಟ್ಟಿಯ ಮೇಲೆ ‘ಕೊಹಿಬಾ’ ಎಂಬ ಹೆಸರು. ಕೆಲವು ಸಿಗಾರುಗಳ ಮೈಮೇಲೆ ಗುಂಡುಸೂಜಿಯಿಂದ ಚುಚ್ಚಿದಂಥ ದುಂಡನೆಯ ತೂತುಗಳಿದ್ದವು. ಮಾರಿದವನು ಅದನ್ನೇ ಹೆಗ್ಗಳಿಕೆಯಾಗಿ ತೋರಿಸಿದ್ದನಂತೆ: ಹುಳ ಬಿದ್ದಿದೆ ಅಂದರೆ ಔಷಧ ಹೊಡೆಯದ ಅಪ್ಪಟ ಎಲೆ, ಕ್ಯೂಬಾದ ಅಸಲಿ ಮಾಲು. ಸೈನಿಕರ ತಾಯಿ ಡಬ್ಬಿಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, “ಇದು ನಮ್ಮ ಮೆಣಸಿನಕಾಯಿ ಚೀಲದಾಗಿನ ಹುಳಾನ ಐತಲ್ಲೋ ತಮ್ಮಾ” ಅಂದರು.

ಆ ತಾಯಿ ಹೇಳಿದ್ದು ಶಾಸ್ತ್ರೀಯವಾಗಿಯೂ ಸರಿ. ಕ್ಯೂಬಾದ ಸಿಗಾರು ಕೊರೆಯುವುದೂ ಕುಂದಗೋಳ, ಅಣ್ಣಿಗೇರಿ, ನವಲಗುಂದದ ಮನೆಗಳಲ್ಲಿ ಕಟ್ಟಿಟ್ಟ ಮೆಣಸಿನಕಾಯಿ ಕೊರೆಯುವುದೂ ಒಂದೇ ಜೀರುಂಡೆ. ವಿಜ್ಞಾನದಲ್ಲಿ ಅದರ ಹೆಸರು ಲ್ಯಾಸಿಯೊಡರ್ಮಾ ಸೆರಿಕಾರ್ನೆ. ಜಗತ್ತಿನ ಗೋದಾಮುಗಳಲ್ಲಿ ಅದನ್ನು ಸಿಗರೇಟು ಜೀರುಂಡೆ ಅನ್ನುತ್ತಾರೆ. ಮಾರಿದವನ ಮಾತು ನಿಜವೋ ಸುಳ್ಳೋ ತಿಳಿಯಬೇಕಾದರೆ ಮೊದಲು ಸಿಗಾರನ್ನೂ ಆಮೇಲೆ ಹುಳವನ್ನೂ ನೋಡಬೇಕು.

ಪರದೇಶದ ಸೈನಿಕ ನೆಲೆಗಳ ಸುತ್ತ ಕ್ಯೂಬಾ ಸಿಗಾರಿನ ನಕಲಿ ವ್ಯಾಪಾರ ಬೆಳೆದದ್ದಕ್ಕೆ ಕಾರಣವಿದೆ. 1962ರಲ್ಲಿ ಅಮೆರಿಕ ಕ್ಯೂಬಾದ ಮೇಲೆ ವ್ಯಾಪಾರ ನಿರ್ಬಂಧ ಹೇರಿತು. ಹಾಗಾಗಿ ಅಮೆರಿಕದ ಹುಡುಗರಿಗೆ ಊರಿನ ಅಂಗಡಿಯಲ್ಲಿ ಈ ಸಿಗಾರು ಸಿಗುವುದಿಲ್ಲ. ಇರಾಕು, ಅಫ್ಗಾನಿಸ್ತಾನದಲ್ಲಿ ಅವರಿಗೆ ಮದ್ಯ ನಿಷಿದ್ಧವಾಗಿತ್ತು, ಸಿಗಾರು ಅಲ್ಲ. ಮನೆ ಬಿಟ್ಟು ತಿಂಗಳುಗಟ್ಟಲೆ ಇರುವ ಸೈನಿಕ, ಕೈಯಲ್ಲಿ ಸಂಬಳ, ಎದುರಿಗೆ ಊರಲ್ಲಿ ಸಿಗದ ವಸ್ತು, ಅಸಲಿಯನ್ನು ಹಿಂದೆಂದೂ ಕಾಣದ ಕಣ್ಣು. ನಕಲಿ ಮಾರುವವನಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಸಿಗಲಾರ. ದೇಶ ಕಾಯಲಿಕ್ಕೆ ಹೋದವರು ಯಾವ ದೇಶದವರೇ ಇರಲಿ, ಅವರಿಗೆ ಹೀಗೆ ಮೋಸವಾಗುವುದು ನನಗೆ ಸಹಿಸದ ಸಂಗತಿ.

ಅಸಲಿ ಗುರುತಿಸಲು ಡಬ್ಬಿಯೇ ಮೊದಲ ಸಾಕ್ಷಿ. ಕ್ಯೂಬಾದಿಂದ ಹೊರಹೋಗುವ ಸಿಗಾರಿನ ವ್ಯಾಪಾರವನ್ನು ನೋಡಿಕೊಳ್ಳುವುದು ಹಬಾನೋಸ್ ಎಂಬ ಸಂಸ್ಥೆ. ಡಬ್ಬಿಯ ಮೇಲೆ ಹಸಿರು ಬಣ್ಣದ ಖಾತರಿ ಮುದ್ರೆ ಅಂಟಿಸುವ ಪದ್ಧತಿ 1912ರಿಂದ ಇದೆ. ಈಚಿನ ಮುದ್ರೆಗಳಲ್ಲಿ ಬಾರ್‌ಕೋಡ್, ಹೊಳೆಯುವ ಹಾಲೋಗ್ರಾಂ ಇರುತ್ತವೆ. ಡಬ್ಬಿಯ ತಳದಲ್ಲಿ ‘ಕ್ಯೂಬಾದಲ್ಲಿ ಪೂರ್ತಿ ಕೈಯಿಂದ ಮಾಡಿದ್ದು’ ಎಂಬರ್ಥದ ಸ್ಪ್ಯಾನಿಷ್ ಬರಹವನ್ನು ಮರಕ್ಕೇ ಒತ್ತಿರುತ್ತಾರೆ, ಪಕ್ಕದಲ್ಲಿ ಕಾರ್ಖಾನೆಯ ಗುಪ್ತ ಅಕ್ಷರಗಳೂ ತಿಂಗಳು-ವರ್ಷವೂ ಇರುತ್ತವೆ. ಇಷ್ಟನ್ನೂ ನಕಲು ಮಾಡುವವರಿದ್ದಾರೆ. ಆದರೆ ಕೊಹಿಬಾ ಎಂದು ಗಾಜಿನ ಮುಚ್ಚಳದ ಡಬ್ಬಿಯಲ್ಲಿ ಮಾರುವ ಮಾಲು ನಕಲಿಯೇ, ಅಂಥ ಡಬ್ಬಿಯನ್ನು ಕ್ಯೂಬಾದ ಕಾರ್ಖಾನೆ ಕಳಿಸುವುದಿಲ್ಲ. ನಮ್ಮ ಸೈನಿಕರ ಡಬ್ಬಿ ಅಲ್ಲಿಗೇ ಸೋತಿತ್ತು.

ಆದರೂ ಒಳಗೇನಿದೆ ನೋಡೋಣ ಎಂದು ತೂತು ಬಿದ್ದ ಒಂದು ಸಿಗಾರನ್ನು ಸ್ಟೀಲಿನ ತಾಟಿನಲ್ಲಿಟ್ಟು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆವು. ಕೈಯಿಂದ ಸುತ್ತಿದ ಒಳ್ಳೆಯ ಸಿಗಾರಿನಲ್ಲಿ ಮೂರು ಭಾಗ: ಹೊರಗೆ ನಯವಾದ ಹೊದಿಕೆ ಎಲೆ, ಅದರೊಳಗೆ ಬಿಗಿಹಿಡಿಯುವ ಗಟ್ಟಿ ಎಲೆ, ನಡುವೆ ತುಂಬು ಎಲೆ. ಕೊಹಿಬಾದಂಥ ದುಬಾರಿ ಸಿಗಾರಿನ ತುಂಬು ಎಲೆಗಳು ಈ ತುದಿಯಿಂದ ಆ ತುದಿಯವರೆಗೆ ಅಖಂಡವಾಗಿ ಮಡಿಕೆ ಮಡಿಕೆಯಾಗಿ ಇರಬೇಕು. ತಾಟಿಗೆ ಉದುರಿದ್ದು ಬರೀ ಚೂರು, ಎಲೆಯ ನಡುನಾರಿನ ತುಂಡು, ಮತ್ತು ಕಂದು ಬಣ್ಣದ ಹಿಟ್ಟಿನಂಥ ಪುಡಿ. ಆ ಪುಡಿಯಲ್ಲಿ ಅರ್ಧಚಂದ್ರದ ಹಾಗೆ ಬಾಗಿ ಮಲಗಿದ, ಮೈತುಂಬ ಸಣ್ಣ ಕೂದಲಿನ ಬಿಳಿ ಮರಿ. ಪಕ್ಕದಲ್ಲೇ ಅದರ ದೊಡ್ಡವರೊಬ್ಬರು, ಕಾಲು ಮಡಚಿಕೊಂಡು ಸತ್ತಂತೆ ಬಿದ್ದಿದ್ದರು. ಒಂದೆರಡು ನಿಮಿಷ ಸುಮ್ಮನಿದ್ದೆವು. ಎದ್ದು ನಡೆಯಿತು.

ಮುಟ್ಟಿದರೆ ಸತ್ತಂತೆ ನಟಿಸುವುದು ಈ ಜಾತಿಯ ಗುಣ. ದೊಡ್ಡ ಹುಳದ ಉದ್ದ 2ರಿಂದ 3 ಮಿಲಿಮೀಟರು, ಬಣ್ಣ ಕೆಂಗಂದು. ತಲೆಯನ್ನು ಎದೆಯ ಕೆಳಗೆ ಬಗ್ಗಿಸಿಕೊಂಡಿರುವುದರಿಂದ ಪಕ್ಕದಿಂದ ನೋಡಿದರೆ ಗೂನುಬೆನ್ನು. ಮಸೂರದಡಿ ಮೀಸೆಗಳು ಗರಗಸದ ಹಲ್ಲಿನ ಹಾಗೆ ಕಾಣುತ್ತವೆ, ರೆಕ್ಕೆಯ ಮೇಲಿನ ಚಿಪ್ಪು ನಯವಾಗಿರುತ್ತದೆ. ಇದರ ಹತ್ತಿರದ ಸಂಬಂಧಿ ಇನ್ನೊಂದಿದೆ, ಔಷಧದಂಗಡಿ ಜೀರುಂಡೆ. ಅದರ ಚಿಪ್ಪಿನ ಮೇಲೆ ಉದ್ದುದ್ದ ಗೀರುಗಳಿರುತ್ತವೆ, ಮೀಸೆಯ ತುದಿಯ ಮೂರು ಗಿಣ್ಣು ದಪ್ಪ. ಅಡುಗೆಮನೆಯಲ್ಲಿ ಎರಡೂ ಸಿಗುತ್ತವೆ, ಎರಡನ್ನೂ ನಾವು ‘ಹುಳ’ ಅಂತಲೇ ಒಗೆಯುತ್ತೇವೆ.

ಹೆಣ್ಣು ಎಲೆಯ ಮಡಿಕೆಯಲ್ಲೋ ಮೆಣಸಿನಕಾಯಿಯ ತೊಟ್ಟಿನ ಸಂದಿಯಲ್ಲೋ ತತ್ತಿ ಇಡುತ್ತದೆ, ಒಂದೊಂದು ಹೆಣ್ಣು ನೂರರ ತನಕ. ವಾರದಿಂದ ಹತ್ತು ದಿನದಲ್ಲಿ ಹೊರಬರುವ ಮರಿಯೇ ನಿಜವಾದ ತಿನ್ನುಬಾಕ. ಅದು ತಿನ್ನುತ್ತ ಸುರಂಗ ಕೊರೆಯುತ್ತದೆ, ಹಲವು ಸಲ ಪೊರೆ ಕಳಚುತ್ತದೆ, ಕೊನೆಗೆ ತಾನೇ ಮಾಡಿದ ಪುಡಿಯನ್ನು ಅಂಟಿಸಿ ಗೂಡು ಕಟ್ಟಿ ಅದರೊಳಗೆ ಜೀರುಂಡೆಯಾಗುತ್ತದೆ. ಬೆಳೆದ ಹುಳ ಹೆಚ್ಚೇನೂ ತಿನ್ನುವುದಿಲ್ಲ. ಎರಡರಿಂದ ನಾಲ್ಕು ವಾರದ ಬದುಕು, ಜೋಡಿ ಹುಡುಕುವುದು, ತತ್ತಿ ಇಡುವುದು, ಅಷ್ಟೇ. ಸಂಜೆಯಾಗುತ್ತಲೇ ಹಾರಾಟ ಶುರು. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಸೆಕೆ, ಗಾಳಿಯಲ್ಲಿ ತೇವ ಇದ್ದರೆ ತತ್ತಿಯಿಂದ ಜೀರುಂಡೆಯವರೆಗಿನ ಪಯಣ ಒಂದು-ಒಂದೂವರೆ ತಿಂಗಳಲ್ಲಿ ಮುಗಿಯುತ್ತದೆ. ತಂಪಿದ್ದರೆ ತಿಂಗಳುಗಟ್ಟಲೆ ಎಳೆಯುತ್ತದೆ.

ಹಾಗಾದರೆ ನಾವು ಕಾಣುವ ದುಂಡು ತೂತು ಹುಳ ಒಳಗೆ ಬೆಳೆದು ದೊಡ್ಡದಾಗಿ ಹೊರಬಿದ್ದ ಜಾಗ. ತತ್ತಿ ಅಲ್ಲಿಗೆ ಬಂದು ತಿಂಗಳಾದರೂ ಆಗಿದೆ ಎಂದು ಆ ತೂತು ಹೇಳುತ್ತದೆ. ಎಲೆ ಬೆಚ್ಚಗಿನ ಜಾಗದಲ್ಲಿ ಇತ್ತು ಎಂದೂ ಹೇಳುತ್ತದೆ. ಆ ಎಲೆ ಎಲ್ಲಿ ಬೆಳೆಯಿತು, ಸುತ್ತಿದವರು ಯಾರು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಮಾರಿದವನ ವಾದವನ್ನೇ ತಿರುಗಿಸಿ ನೋಡಿ: ಕ್ಯೂಬಾದ ಅಧಿಕೃತ ಸಿಗಾರುಗಳನ್ನು ರಫ್ತಿಗೆ ಮುಂಚೆ ಹೆಪ್ಪುಗಟ್ಟುವ ಚಳಿಯಲ್ಲಿ ಇಟ್ಟು ತತ್ತಿ-ಮರಿಗಳನ್ನು ಕೊಲ್ಲುತ್ತಾರೆ. ಕಳ್ಳ ಕಾರ್ಖಾನೆಗೆ ಆ ಖರ್ಚು ಯಾಕೆ ಬೇಕು? ಅಸಲಿ ಡಬ್ಬಿಗೂ ಆಮೇಲೆ ಯಾವುದೋ ಬೆಚ್ಚಗಿನ ಅಂಗಡಿಯಲ್ಲಿ ಹುಳ ಹತ್ತಬಹುದು, ಅದು ಬೇರೆ ಮಾತು. ಆದರೆ ಹೊಸ ಡಬ್ಬಿಯ ತುಂಬ ತೂತುಗಳಿದ್ದರೆ ಅನುಮಾನ ಹೆಚ್ಚಾಗಬೇಕೇ ಹೊರತು ನಂಬಿಕೆಯಲ್ಲ.

ಇನ್ನು ಈ ಹುಳ ವಿಷ ತಿಂದು ಬದುಕುವ ಬಗೆ. ತಂಬಾಕಿನ ಗಿಡ ನಿಕೋಟಿನ್ ತಯಾರಿಸುವುದೇ ತನ್ನನ್ನು ತಿನ್ನಲು ಬರುವ ಕೀಟಗಳ ನರಗಳನ್ನು ಹೊಡೆಯಲಿಕ್ಕೆ. ಒಣಗಿದ ಎಲೆಯಲ್ಲಿ ಪೋಷಕಾಂಶವೂ ಕಡಿಮೆ. ಅಂಥದ್ದರಲ್ಲಿ ಈ ಮರಿ ಮೈತುಂಬಿಕೊಂಡು ಬೆಳೆಯುತ್ತದೆ. ಅದರ ಕರುಳಿನ ಆರಂಭದಲ್ಲಿ ಸಣ್ಣ ಚೀಲಗಳಿವೆ, ಅವುಗಳೊಳಗೆ ಯೀಸ್ಟಿನಂಥ ಒಂದು ಶಿಲೀಂಧ್ರ ವಾಸಿಸುತ್ತದೆ. ಹೆಸರು ಸಿಂಬಿಯೊಟಾಫ್ರಿನಾ ಕೊಕೈ. ಎಲೆಯಲ್ಲಿ ಸಿಗದ ಬಿ ಗುಂಪಿನ ವಿಟಮಿನ್ನುಗಳನ್ನು, ಮೈ ಕಟ್ಟಲು ಬೇಕಾದ ಇನ್ನೂ ಕೆಲವು ವಸ್ತುಗಳನ್ನು ಅದು ಹುಳಕ್ಕೆ ಒದಗಿಸುತ್ತದೆ. ಗಿಡದ ಹಲವು ವಿಷಗಳನ್ನು ಒಡೆಯುವ ಕಿಣ್ವಗಳೂ ಅದರಲ್ಲಿವೆ. ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಈ ಶಿಲೀಂಧ್ರ ತಲೆಮಾರಿನಿಂದ ತಲೆಮಾರಿಗೆ ದಾಟುವ ರೀತಿ. ತಾಯಿ ತತ್ತಿ ಇಡುವಾಗ ಅದರ ಮೇಲೆ ಶಿಲೀಂಧ್ರವನ್ನು ಸವರುತ್ತದೆ. ಮರಿ ಹೊರಬರುವಾಗ ತತ್ತಿಯ ಸಿಪ್ಪೆಯನ್ನು ತಿನ್ನುತ್ತದೆ. ಆ ಮೊದಲ ತುತ್ತಿನಲ್ಲೇ ಜೀವನಪೂರ್ತಿಯ ಜೊತೆಗಾರ ಹೊಟ್ಟೆ ಸೇರುತ್ತಾನೆ.

ಹೆಸರಿನಲ್ಲಿ ಸಿಗರೇಟು ಇದ್ದರೂ ಈ ಹುಳ ತಂಬಾಕಿಗಿಂತ ಹಳೆಯ ಕಾಲದಿಂದ ನಮ್ಮ ಕಡೆಯ ಜಗತ್ತಿನಲ್ಲಿದೆ. 1922ರಲ್ಲಿ ಬಾಗಿಲು ತೆರೆದ ಈಜಿಪ್ಟಿನ ಟುಟಾಂಖಾಮನ್ ದೊರೆಯ ಸಮಾಧಿಯ ವಸ್ತುಗಳಲ್ಲಿ ಇದರ ಒಣಗಿದ ದೇಹಗಳು ಸಿಕ್ಕಿವೆ. ಅಂದರೆ ಮೂರು ಸಾವಿರ ವರ್ಷಕ್ಕೂ ಹಿಂದೆ, ಆ ಕಡೆ ತಂಬಾಕಿನ ಹೆಸರೂ ಗೊತ್ತಿರದ ಕಾಲದಲ್ಲಿ, ಅದು ಬೇರೆ ಒಣಪದಾರ್ಥ ತಿಂದು ಬದುಕಿತ್ತು. ತಂಬಾಕು, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದವು, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಇಳಿದವು. ಅಕ್ಬರನ ಆಸ್ಥಾನಕ್ಕೆ ಮೊದಲ ಬಾರಿ ತಂಬಾಕು ಹೋದದ್ದು ನಮ್ಮ ವಿಜಯಪುರದಿಂದ. ಸುಮಾರು 1604ರಲ್ಲಿ ಆದಿಲಶಾಹಿಗಳ ರಾಜಧಾನಿಯಿಂದ ಹಿಂತಿರುಗಿದ ಅಸದ್ ಬೇಗ್ ಅದನ್ನು ಬಾದಶಹನಿಗೆ ಒಪ್ಪಿಸಿದ. ಹೊಸ ಬೆಳೆಗಳು ಬಂದವು, ಹಳೆಯ ಹುಳ ಅವುಗಳ ಕಣಜ ಹೊಕ್ಕಿತು. ಈಗ ಅರಿಶಿಣ, ಶುಂಠಿ, ಕೊತ್ತಂಬರಿ ಬೀಜ, ಹಿಟ್ಟು, ಒಣದ್ರಾಕ್ಷಿ, ಪುಸ್ತಕದ ಬೆನ್ನಿಗೆ ಹಚ್ಚಿದ ಅಂಟು, ಏನನ್ನೂ ಅದು ಬಿಡುವುದಿಲ್ಲ.

ನಮ್ಮ ಭಾಗದ ಎರೆಹೊಲದಲ್ಲಿ ಮಳೆಯಾಶ್ರಯದಲ್ಲೇ ಬೆಳೆಯುವ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬಣ್ಣ ದಟ್ಟ, ಖಾರ ಕಡಿಮೆ ಎಂಬ ಗುಣಕ್ಕೆ ಅದರ ಹೆಸರು. ದರ ಬಿದ್ದಾಗ ರೈತರು ಚೀಲ ಕಟ್ಟಿ ಇಡುತ್ತಾರೆ, ಇಟ್ಟಲ್ಲಿ ಹುಳ ಬೀಳುತ್ತದೆ. ಆಗ ಮನೆಮನೆಯಲ್ಲೂ ಕೇಳುವ ಮಾತು: “ಹುಳ ಬಿದ್ದಾವಂದ್ರ ಎಣ್ಣಿ ಹೊಡದಿಲ್ಲ ಅಂತ ಅರ್ಥ. ಚೊಲೋ ಮಾಲು.” ಲೆಬನಾನಿನ ಅಂಗಡಿಯವನ ಮಾತೇ ಇದು, ಭಾಷೆ ಬೇರೆ ಅಷ್ಟೇ.

ಈ ನಂಬಿಕೆ ತಪ್ಪು, ಅದರಿಂದ ಹಾನಿಯೂ ಇದೆ. ಎಲೆ ಮುಟುರಿಸುವ ಥ್ರಿಪ್ಸ್‌ಗೆಂದು ಹೊಲದಲ್ಲಿ ಎಣ್ಣೆ ಹೊಡೆಯುವುದು ಗಿಡ ಹಸಿರಿದ್ದಾಗ. ಈ ಜೀರುಂಡೆ ಬರುವುದು ಕಾಯಿ ಒಣಗಿ ಮನೆ ಸೇರಿದ ಮೇಲೆ. ಅಷ್ಟರಲ್ಲಿ ಔಷಧದ ಅಂಶ ಹುಳವನ್ನು ಕೊಲ್ಲುವಷ್ಟು ಉಳಿದಿರದೆ, ಮನುಷ್ಯನ ಆಹಾರಕ್ಕೆ ಹಾಕಿದ ಮಿತಿಯನ್ನು ಮಾತ್ರ ಮೀರಿರಬಹುದು. ಎರಡೂ ಬೇರೆಬೇರೆ ಅಳತೆ. ಈ ಹುಳದ ತಾಳಿಕೆಯೂ ಬೇರೆಯೇ. ಸೇವಂತಿಗೆಯ ಬಳಗದ ಪೈರೆಥ್ರಮ್ ಹೂವಿನ ಪುಡಿ ಬಹು ಹಳೆಯ ಕೀಟನಾಶಕ, ಆ ಪುಡಿಯ ದಾಸ್ತಾನಿನಲ್ಲೇ ಈ ಜೀರುಂಡೆ ಬೆಳೆದ ದಾಖಲೆಗಳಿವೆ. ಕೀಟನಾಶಕದ ಡಬ್ಬಿಯೊಳಗೇ ಬೆಳೆಯಬಲ್ಲ ಹುಳದ ಕೈಯಿಂದ ‘ಔಷಧ ಹೊಡೆದಿಲ್ಲ’ ಎಂಬ ಸರ್ಟಿಫಿಕೇಟು ಪಡೆಯುವುದು ಹೇಗೆ? ಅದನ್ನು ಹೇಳಬಲ್ಲದ್ದು ಪ್ರಯೋಗಾಲಯದ ಪರೀಕ್ಷೆ. ಅಸಲಿ ಬ್ಯಾಡಗಿಯೋ ಅಲ್ಲವೋ ಎಂಬುದಕ್ಕೂ ಬಣ್ಣದ ಮೌಲ್ಯ ಮತ್ತು ಖಾರದ ಅಂಶವಾದ ಕ್ಯಾಪ್ಸೈಸಿನ್ ಅಳೆದು ನೋಡುವ ದಾರಿಯಿದೆ. ಹುಳ ತಿಂದ ಕಾಯಿಯಲ್ಲಿ ಉಳಿಯುವುದು ಅದರ ಹಿಕ್ಕೆ, ಪೊರೆ, ಬೂಷ್ಟು. ಅದನ್ನು ಶುದ್ಧ ಎಂದು ಮಕ್ಕಳ ಊಟದಲ್ಲಿ ಬೆರೆಸಬೇಡಿ.

ಹುಳದ ದೌರ್ಬಲ್ಯ ಅದರ ಮೈಶಾಖದಲ್ಲಿದೆ. ಸುಮಾರು 18 ಡಿಗ್ರಿಗಿಂತ ಕೆಳಗೆ ಅದರ ಬೆಳವಣಿಗೆ ನಿಲ್ಲುತ್ತದೆ, ಬ್ಯಾಡಗಿಯ ಸುತ್ತಲಿನ ಶೀತಲಗೃಹಗಳು ಮಾಲು ಕಾಯುವುದು ಹೀಗೆ. 55 ಡಿಗ್ರಿ ದಾಟಿದ ಬಿಸಿ ಕೆಲವೇ ಗಂಟೆ ಒಳಗಿನವರೆಗೆ ಮುಟ್ಟಿದರೆ ತತ್ತಿಯೂ ಉಳಿಯುವುದಿಲ್ಲ. ಕಾಯಿಯನ್ನು ಬೇಸಿಗೆಯ ಸುಡುನೆಲದ ಮೇಲೆ ತೆಳ್ಳಗೆ ಹರವಿ ಕೈಯಾಡಿಸುವ ನಮ್ಮ ಹಿರಿಯರ ರೂಢಿಯ ಹಿಂದಿನ ಲೆಕ್ಕ ಇದೇ. ದಪ್ಪಗೆ ಹರವಿದರೆ ಮೇಲಿನದು ಕಾಯುತ್ತದೆ, ಮರಿ ಕೆಳಗಿನ ನೆರಳಿಗೆ ಜಾರುತ್ತದೆ. ಮನೆಬಳಕೆಯ ಒಂದೆರಡು ಕಿಲೋ ಆದರೆ ಬಿಗಿಯಾಗಿ ಕಟ್ಟಿ ಫ್ರಿಜ್ಜಿನ ಐಸ್ ಖಾನೆಯಲ್ಲಿ ವಾರ ಇಡಬಹುದು. ಹೊರತೆಗೆದ ಮೇಲೆ ಕೋಣೆಯ ಶಾಖಕ್ಕೆ ಬರುವವರೆಗೆ ಗಂಟು ಬಿಚ್ಚಬಾರದು, ಬಿಚ್ಚಿದರೆ ಗಾಳಿಯ ತೇವ ಕಾಯಿಯ ಮೇಲೆ ಕೂತು ಬೂಷ್ಟು ಹಿಡಿಯುತ್ತದೆ. ದೊಡ್ಡ ಗೋದಾಮಿಗೆ ಮೋಹಬಲೆಗಳಿವೆ. ಹೆಣ್ಣು ಗಂಡನ್ನು ಕರೆಯಲು ಸೂಸುವ ಸೆರಿಕಾರ್ನಿನ್ ಎಂಬ ವಾಸನೆಯನ್ನು ಜಪಾನಿನ ವಿಜ್ಞಾನಿಗಳು 1979ರಲ್ಲಿ ಗುರುತಿಸಿದರು. ಅದನ್ನು ಸವರಿದ ಅಂಟುಕಾಗದಕ್ಕೆ ಬರುವುದು ಗಂಡುಗಳು ಮಾತ್ರ, ಹಾಗಾಗಿ ಹುಳ ಬಂದಿದೆಯೋ ಇಲ್ಲವೋ, ಹೆಚ್ಚುತ್ತಿದೆಯೋ ಎಂದು ತಿಳಿಯಲಿಕ್ಕೆ ಅದು ಉಪಯೋಗ.

ನನ್ನ ಆತಂಕವೆಲ್ಲ ಇರುವುದು ಗುಳಿಗೆಯ ಬಗ್ಗೆ. ಕಾಳು, ಕಾಯಿ ಇಟ್ಟ ಕೋಣೆಯಲ್ಲಿ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಟ್ಟು ಬಾಗಿಲು ಹಾಕಿ, ಪಕ್ಕದ ಪಡಸಾಲೆಯಲ್ಲೇ ಮಲಗುವ ಮನೆಗಳು ನಮ್ಮಲ್ಲಿವೆ. ಆ ಗುಳಿಗೆ ಗಾಳಿಯ ತೇವ ಹೀರಿ ಫಾಸ್ಫೀನ್ ಎಂಬ ಅನಿಲ ಬಿಡುತ್ತದೆ. ಹಂಚಿನ ಸಂದಿ, ಬಾಗಿಲ ಬಿರುಕಿನಿಂದ ಅದು ಮಲಗಿದವರವರೆಗೆ ಬರುತ್ತದೆ. ಅದಕ್ಕೆ ಪ್ರತ್ಯೌಷಧವಿಲ್ಲ. ಹುಳವಾದರೂ ಸಾಯುತ್ತದೆಯೇ ಅಂದರೆ ಅದೂ ಖಚಿತವಲ್ಲ. ಗೋದಾಮಿನ ತಂಬಾಕಿನಲ್ಲಿ ಈ ಜೀರುಂಡೆ ಫಾಸ್ಫೀನನ್ನು ತಾಳಿಕೊಳ್ಳುವ ಶಕ್ತಿ ಬೆಳೆಸಿಕೊಂಡಿದೆ ಎಂದು ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1994ರಲ್ಲೇ ಪ್ರಕಟಿಸಿದ್ದಾರೆ. ಅನಿಲ ಸೋರಿಹೋಗುವ ಕೋಣೆಯಲ್ಲಿ ಅರೆಬರೆ ಪ್ರಮಾಣ ಕೊಟ್ಟಷ್ಟೂ ಅಂಥ ಗಟ್ಟಿ ಹುಳಗಳೇ ಉಳಿದು ಬೆಳೆಯುತ್ತವೆ. ಗುಳಿಗೆಯ ಕೆಲಸ ತರಬೇತಿ ಪಡೆದವರದು, ಅದೂ ಗಾಳಿಯಾಡದಂತೆ ಮುಚ್ಚಿದ, ಜನ ಮಲಗದ ಉಗ್ರಾಣದಲ್ಲಿ. ಮನೆಯಲ್ಲಿ ಈಗಾಗಲೇ ತಂದಿಟ್ಟಿದ್ದರೆ ಡಬ್ಬಿಯ ಮುಚ್ಚಳ ತೆಗೆಯಬೇಡಿ, ನೀರು ತಾಗಿಸಬೇಡಿ, ಮಕ್ಕಳ ಕೈಗೆ ಸಿಗದಂತೆ ಒಣ ಜಾಗದಲ್ಲಿಟ್ಟು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಏನು ಮಾಡಬೇಕೆಂದು ಕೇಳಿ.