ಆ ಕಾರ್ಟೂನ್ ಬಂದ ಶ್ರಾವಣ ನೆನಪಿದೆಯಾ?

ನಿಮ್ಮ ಮಗಳ ಮೊದಲ ಹಲ್ಲು ಬಿದ್ದಿದ್ದು ಯಾವ ತಿಂಗಳು? ಥಟ್ಟಂತ ಹೇಳಿ ನೋಡೋಣ. ಆಗಲ್ಲ ಅಲ್ವಾ? ಅದೇ, ‘ಆ ಮಂಜಿನ ರಾಣಿ ಸಿನಿಮಾನ ದಿನಕ್ಕೆರಡು ಸಲ ಹಾಕು ಅಂತ ಪ್ರಾಣ ತಿಂತಿದ್ಳಲ್ಲ, ಆವಾಗ’ ಅಂದುಕೊಳ್ಳಿ, ಎಲ್ಲಾ ಒಂದರ ಹಿಂದೊಂದು ನೆನಪಾಗುತ್ತದೆ. ಆಗಿದ್ದ ಬಾಡಿಗೆ ಮನೆ, ಅಲ್ಲಿ ಸದಾ ಸೋರುತ್ತಿದ್ದ ನಲ್ಲಿ, ಬಿದ್ದ ಹಲ್ಲನ್ನು ಸೂರಿನ ಮೇಲೆ ಎಸೆಯಬೇಕು ಅಂತ ಹೋಗಿ, ತಾರಸಿ ಮನೆಗೆ ಹೆಂಚೇ ಇಲ್ಲದೆ ಪಕ್ಕದ ಮನೆಯ ಮಾಡಿಗೆ ಎಸೆದು ಬೈಸಿಕೊಂಡಿದ್ದು...

ನಮ್ಮ ಅಮ್ಮಂದಿರ ಲೆಕ್ಕ ಬೇರೆ ಇತ್ತು. ‘ಗೊರೂರು ಡ್ಯಾಂ ಮುಗಿದ ವರ್ಷ ನಿಮ್ಮಣ್ಣ ಹುಟ್ಟಿದ್ದು’ ಅನ್ನೋರು. ಚನ್ನರಾಯಪಟ್ಟಣದ ಕಡೆಯವರಿಗಂತೂ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವೇ ಕ್ಯಾಲೆಂಡರ್. 1981ರದ್ದಕ್ಕೆ ಹಿರಿಯಕ್ಕ ಕಂಕುಳಲ್ಲಿದ್ದಳು, 1993ರದ್ದಕ್ಕೆ ನೀನು, 2006ರಲ್ಲಿ ಮನೆ ಕಟ್ಟಿಸ್ತಿದ್ವಿ, 2018ರಲ್ಲಿ ಮೊಮ್ಮಗು ಬಂತು ಅಂತ ಹನ್ನೆರಡು ವರ್ಷಕ್ಕೊಂದು ಗಂಟು ಹಾಕಿ ಬದುಕನ್ನೇ ಅಳೆದುಬಿಡುತ್ತಿದ್ದರು. ಈಗಿನ ಮಕ್ಕಳು ಕಾರ್ಟೂನ್ ಸಿನಿಮಾದಿಂದ ಅಳೆಯುತ್ತಾರೆ. ‘ಏನು ಕಾಲ ಬಂತಪ್ಪ’ ಅಂತ ಮೂಗು ಮುರಿಯಬೇಡಿ. ನೀವೂ ಮಾಡಿದ್ದು ಅದನ್ನೇ.

ಭಾನುವಾರ ಬೆಳಗ್ಗೆ ದೂರದರ್ಶನದಲ್ಲಿ ‘ಜಂಗಲ್ ಬುಕ್’ ಬರುತ್ತಿತ್ತಲ್ಲ? ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಸೀಗೇಕಾಯಿ ಸ್ನಾನಕ್ಕೆ ಅಮ್ಮ ಕೂಗುತ್ತಿದ್ದರೂ ಅಲ್ಲಾಡದೆ ಕೂತಿದ್ದು? ಜಪಾನಿನಲ್ಲಿ ಮಾಡಿದ ಕಾರ್ಟೂನದು. ಹಿಂದಿಯ ಹಾಡು ಬರೆದವರು ಗುಲ್ಜಾರ್, ರಾಗ ಹಾಕಿದವರು ವಿಶಾಲ್ ಭಾರದ್ವಾಜ್. ಇಂಥ ದೊಡ್ಡವರ ಹೆಸರೇನೂ ನಮಗೆ ಗೊತ್ತಿರಲಿಲ್ಲ, ಹಿಂದಿಯೂ ಅರ್ಧಂಬರ್ಧ. ಅಣ್ಣ ಮಾಳಿಗೆ ಹತ್ತಿ ಆಂಟೆನಾ ತಿರುಗಿಸೋದು, ನಾವು ಕೆಳಗಿಂದ ‘ಬಂತು, ಬಂತು, ಹೋಯ್ತು’ ಅನ್ನೋದು. ಇವತ್ತಿಗೂ ಸೀಗೇಕಾಯಿ ವಾಸನೆ ಬಂದರೆ ನನಗೆ ಮೋಗ್ಲಿ ನೆನಪಾಗುತ್ತಾನೆ.

ಆದರೆ ಒಂದು ಕೊರತೆಯಿತ್ತು. ಅಮ್ಮ, ಅಜ್ಜಿ ನಮ್ಮ ಜೊತೆ ಕೂತು ನೋಡುತ್ತಿರಲಿಲ್ಲ. ಭಾಷೆ ತಿಳಿಯಬೇಕಲ್ಲ! ಡಬ್ಬಿಂಗ್ ಬೇಡ ಎನ್ನುವ ಅಲಿಖಿತ ಕಟ್ಟಳೆ ಕನ್ನಡದಲ್ಲಿ ದಶಕಗಳ ಕಾಲ ಇತ್ತು. 2009ರಲ್ಲಿ ಚಿಂಟು ಟಿವಿ ಬಂದಾಗ ಮನೆಯ ಟಿವಿಯಲ್ಲಿ ಕಾರ್ಟೂನ್‌ಗಳು ಕನ್ನಡ ಮಾತಾಡಿದವು. ಥಿಯೇಟರಿನಲ್ಲಿ ಮಾತ್ರ, 2015ರಲ್ಲಿ ಸ್ಪರ್ಧಾ ಆಯೋಗ ಆ ಕಟ್ಟಳೆಗೆ ವಿರುದ್ಧವಾಗಿ ಆದೇಶ ಕೊಟ್ಟ ಮೇಲೂ, ಅಜ್ಜಿ-ಮೊಮ್ಮಗ ಒಟ್ಟಿಗೆ ಕೂತು ನೋಡುವಂಥದ್ದು ಬರಲು ತುಂಬಾ ದಿನ ಹಿಡಿಯಿತು.

ಬಂದಿದ್ದು 2025ರಲ್ಲಿ. ಬೆಂಗಳೂರಿನ ಹೊಂಬಾಳೆ ಫಿಲಂಸ್ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ ‘ಮಹಾವತಾರ ನರಸಿಂಹ’. ಬಿಡುಗಡೆಯಾದ ದಿನ ನೋಡಿ, ಜುಲೈ 25. ಹಿಂದಿನ ದಿನವಷ್ಟೇ ಭೀಮನ ಅಮಾವಾಸ್ಯೆ. ಕೈಗೆ ಕಟ್ಟಿಕೊಂಡ ಅರಿಶಿನದ ದಾರ ಇನ್ನೂ ಹಸಿ. ಶ್ರಾವಣದ ಮೊದಲ ದಿನ, ಶುಕ್ರವಾರ ಬೇರೆ.

ಹೊಳೆನರಸೀಪುರದ ಅಜ್ಜಿ

ಹೊಳೆನರಸೀಪುರದಲ್ಲಿ ನನಗೊಬ್ಬಳು ಗೆಳತಿ ಇದ್ದಾಳೆ. ಹೇಮಾವತಿ ಹೊಳೆ, ಲಕ್ಷ್ಮೀನರಸಿಂಹ, ಎರಡೂ ಹೆಸರಲ್ಲೇ ಇರೋ ಊರು. ನಮ್ಮ ಜಿಲ್ಲೆಯಲ್ಲಿ ನರಸಿಂಹನ ಗುಡಿಗೆ ಬರವೇನೂ ಇಲ್ಲ. ನುಗ್ಗೇಹಳ್ಳಿಯಲ್ಲಿದೆ, ಜಾವಗಲ್ಲಿನಲ್ಲಿದೆ. ಆದರೆ ಈ ಊರಿನವರಿಗೆ ಅವನು ಮನೆಯ ಯಜಮಾನನಿದ್ದ ಹಾಗೆ. ಸಿನಿಮಾ ಬಂದಿದೆ ಅಂತ ಗೊತ್ತಾಗಿದ್ದೇ ತಡ, ಗೆಳತಿಯ ಅತ್ತೆ ಐದು ವರ್ಷದ ಮೊಮ್ಮಗನನ್ನು ಕಟ್ಟಿಕೊಂಡು ಹಾಸನಕ್ಕೆ ಹೊರಟೇಬಿಟ್ಟರು. ಕೆಂಪು ಬಸ್ಸಿನಲ್ಲಿ ಹೆಂಗಸರಿಗೆ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ಟು. ಸಿನಿಮಾಕ್ಕೆ ಮಾತ್ರ ಕಾಸು. ಅತ್ತೆ ಥಿಯೇಟರಿನ ಮೆಟ್ಟಿಲು ಹತ್ತಿ ಇಪ್ಪತ್ತು ವರ್ಷದ ಮೇಲಾಗಿತ್ತಂತೆ.

ಅದೇ ಧನುರ್ಮಾಸದಲ್ಲಿ ಅವರು ತೀರಿಕೊಂಡರು.

ಆಮೇಲೆ ಶುರುವಾಯಿತು ನೋಡಿ. ಹುಡುಗ ಮೊಬೈಲಿನಲ್ಲಿ ಆ ಸಿನಿಮಾ ಹಾಕಿಸಿಕೊಂಡು ಕಂಬ ಒಡೆಯುವ ದೃಶ್ಯವೊಂದನ್ನೇ ಮತ್ತೆ ಮತ್ತೆ ನೋಡುತ್ತಾನೆ. ರಕ್ತ, ಗರ್ಜನೆ, ಉಗುರು. ಗೆಳತಿ ಹೆದರಿದಳು. ‘ಮನಸ್ಸಿಗೇನಾದ್ರೂ ಆಗಿದೆಯೇನೇ? ಡಿಲೀಟ್ ಮಾಡಿಬಿಡ್ಲಾ?’ ಅಂತ ನನಗೆ ಫೋನ್ ಮಾಡಿದಳು. ಒಂದು ಸಲ ಪಕ್ಕದಲ್ಲಿ ಸುಮ್ಮನೆ ಕೂತು ಕೇಳು ಅಂದೆ. ಕೇಳಿದಳು. ಹುಡುಗ ಹೇಳಿದ್ದಿಷ್ಟು: ‘ಅಜ್ಜಿ ಇದನ್ನ ನೋಡ್ಲೇ ಇಲ್ಲ ಅಮ್ಮ. ಕೈ ಮುಗಿದು ಕಣ್ಣು ಮುಚ್ಚಿಬಿಟ್ಟಿದ್ರು. ಬಸ್ಸಲ್ಲಿ ನಾನೇ ಹೇಳ್ದೆ.’

ಬಸ್ಸಿನಲ್ಲಿ ಹಾಸನದಿಂದ ಊರು ಬರುವ ತನಕ ಅಜ್ಜಿಗೆ ಕಥೆ ಹೇಳಿದ್ದನಂತೆ. ಅದಕ್ಕೂ ಮುಂಚೆ ಕಥೆ ಹೇಳುವುದೆಲ್ಲ ಅಜ್ಜಿಯ ಕೆಲಸವೇ ಆಗಿತ್ತು.

ನಿಮ್ಮ ಮನೆಯಲ್ಲೂ ಇಂಥದ್ದು ಆಗಿದ್ದರೆ ದಯವಿಟ್ಟು ಸಿನಿಮಾ ಬಚ್ಚಿಡಬೇಡಿ. ಮಕ್ಕಳು ನೋಡಿದ್ದನ್ನೇ ನೋಡುವುದು ಹುಚ್ಚಲ್ಲ. ಮುಂದೇನಾಗುತ್ತದೆ ಅಂತ ಗೊತ್ತಿರುವುದೇ ಅವರಿಗೊಂದು ಧೈರ್ಯ. ಅದರಲ್ಲೂ ಮನೆಯಲ್ಲಿ ಹೇಳದೆ ಕೇಳದೆ ಏನೋ ಆಗಿಹೋದಾಗ. ಸತ್ತವರು ವಾಪಸ್ ಬರುವುದಿಲ್ಲ ಎನ್ನುವುದು ಸಾಮಾನ್ಯವಾಗಿ ಐದರಿಂದ ಏಳು ವರ್ಷದ ನಡುವೆ ನಿಧಾನಕ್ಕೆ ಅರ್ಥವಾಗುವ ಸಂಗತಿ. ಹಾಗಾಗಿ ‘ಅಜ್ಜಿ ಮಲಗಿದ್ದಾರೆ’, ‘ಊರಿಗೆ ಹೋಗಿದ್ದಾರೆ’ ಅನ್ನಬೇಡಿ. ಮಗು ಮಲಗೋಕೇ ಹೆದರೀತು, ನೀವು ತವರಿಗೆ ಹೊರಟರೂ ಅತ್ತೀತು. ತೀರಿಕೊಂಡರು, ಇನ್ನು ಬರಲ್ಲ, ನಮಗೆಲ್ಲ ಬೇಜಾರಾಗಿದೆ ಅಂತ ನೇರವಾಗಿ ಹೇಳಿ. ತಿಂಗಳುಗಟ್ಟಲೆ ಊಟ, ನಿದ್ದೆ, ಸ್ಕೂಲು ಎಲ್ಲ ಏರುಪೇರಾಗಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇಂಥ ಮನೆಗೆ ಇನ್ನೊಂದು ಸಿನಿಮಾ ಹೇಳುತ್ತೇನೆ. 2017ರ ‘ಕೋಕೋ’. ಮೆಕ್ಸಿಕೋದವರು ವರ್ಷಕ್ಕೊಮ್ಮೆ ಸತ್ತ ಹಿರಿಯರ ಫೋಟೋ ಇಟ್ಟು, ಅವರಿಗೆ ಇಷ್ಟವಾದ ಅಡುಗೆ ಮಾಡಿ, ಚೆಂಡುಹೂ ಚೆಲ್ಲಿ ಕರೆಯುತ್ತಾರೆ. ನಮ್ಮ ಪಿತೃಪಕ್ಷದ ಎಡೆ ಅಲ್ಲದೆ ಇನ್ನೇನು! ಚೆಂಡುಹೂವಿನ ತವರೂ ಆ ಸೀಮೆಯೇ, ನಮ್ಮಲ್ಲಿಗೆ ಬಂದು ಆಯುಧಪೂಜೆಯ ಹೂವಾಗಿದೆ ಅಷ್ಟೆ. ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಎಡೆ ಇಟ್ಟು ಊಟವಾದ ಮೇಲೆ ಮಕ್ಕಳ ಜೊತೆ ಕೂತು ನೋಡಿ. ಎಡೆಗೆ ಅಜ್ಜಿಗೆ ಇಷ್ಟದ ವಡೆ ಯಾಕಿಟ್ಟೆವು ಅಂತ ಬೇರೆ ಪಾಠ ಮಾಡಬೇಕಿಲ್ಲ.

ಹೇಳಲಾಗದ ಮಾತಿಗೆ

ಅರಕಲಗೂಡಿನ ಗೃಹಿಣಿಯೊಬ್ಬರ ಕಷ್ಟ ಬೇರೆ. ಮಗಳಿಗೆ ಹನ್ನೆರಡು ತುಂಬಿದೆ. ‘ದೊಡ್ಡವಳಾಗೋದರ’ ಬಗ್ಗೆ ಹೇಗೆ ಹೇಳೋದು ಅಂತ ಅವರಿಗೆ ಸಂಕೋಚ. ನಮ್ಮ ಕಾಲದಲ್ಲಿ ಯಾರೂ ಹೇಳಲಿಲ್ಲ. ಆದ ದಿನ ಮೂಲೆಯಲ್ಲಿ ಕೂರಿಸಿ, ಆರತಿ ಎತ್ತಿ, ಚಿಗಳಿ, ಕೊಬ್ಬರಿ-ಬೆಲ್ಲ ತಿನ್ನಿಸಿದರು. ಏನಾಯ್ತು ಅಂತ ಮಾತ್ರ ಹೇಳಲಿಲ್ಲ! ಇವರು 2022ರ ‘ಟರ್ನಿಂಗ್ ರೆಡ್’ ಹಾಕಿಕೊಂಡು ಮಗಳ ಜೊತೆ ಕೂತರು. ಹದಿಮೂರರ ಹುಡುಗಿ, ಸಿಟ್ಟೋ ಖುಷಿಯೋ ಜಾಸ್ತಿಯಾದರೆ ದೊಡ್ಡ ಕೆಂಪು ಪಾಂಡಾ ಆಗಿಬಿಡುತ್ತಾಳೆ. ಬಚ್ಚಲುಮನೆಯಲ್ಲಿ ಅಡಗಿ ಕೂತ ಮಗಳು ಮುಟ್ಟಾಗಿದ್ದಾಳೆ ಅಂದುಕೊಂಡು ತಾಯಿ ಪ್ಯಾಡ್ ಹಿಡಿದು ಓಡಿಬರುತ್ತಾಳೆ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರಂತೆ. ನಕ್ಕಿದ್ದೇ, ಮಗಳು ‘ನಿಂಗೆ ಯಾವಾಗ ಆಗಿದ್ದಮ್ಮ?’ ಅಂತ ಕೇಳಿಬಿಟ್ಟಳು. ಅರ್ಧ ಕೆಲಸ ಅಲ್ಲಿಗೇ ಮುಗೀತು. ಆಮೇಲೆ ಆ ದಿನ ಬಂದಾಗ ಆ ಹುಡುಗಿ ಹೇಳಿದ್ದು ಒಂದೇ ಮಾತು: ‘ಅಮ್ಮ, ಪಾಂಡಾ ಬಂತು.’ ಈಗ ಮನೆಯಲ್ಲಿ ಅದಕ್ಕೆ ಅದೇ ಹೆಸರು.

ಇನ್ನು ಚನ್ನರಾಯಪಟ್ಟಣ. ಗೊಂಬೆಯ ಚನ್ನಪಟ್ಟಣ ಅಲ್ಲ, ನಮ್ಮ ತೆಂಗಿನ ಸೀಮೆಯ ಚನ್ನರಾಯಪಟ್ಟಣ. ಆದರೂ ಮಾತು ಗೊಂಬೆಯದ್ದೇ. ಮಗ ಇಂಜಿನಿಯರಿಂಗ್ ಸೇರಲು ಬೆಂಗಳೂರಿಗೆ ಹೊರಟ. ಹಿಂದಿನ ರಾತ್ರಿ ಅವನೇ ‘ಟಾಯ್ ಸ್ಟೋರಿ 3’ ಹಾಕಿದ. ಚಿಕ್ಕವನಿದ್ದಾಗ ನೂರು ಸಲ ನೋಡಿದ್ದ ಸಿನಿಮಾ. ಅದರಲ್ಲಿ ಆಂಡಿ ಕಾಲೇಜಿಗೆ ಹೊರಡುತ್ತಾನೆ, ಖಾಲಿಯಾದ ರೂಮಿನ ಬಾಗಿಲಲ್ಲಿ ಅವನಮ್ಮ ನಿಲ್ಲುತ್ತಾಳೆ. ಅಷ್ಟೂ ವರ್ಷ ಈ ತಾಯಿ ಅದನ್ನು ಅಡುಗೆಮನೆಯಿಂದ ಕೇಳಿಸಿಕೊಂಡಿದ್ದರೇ ಹೊರತು ಕೂತು ನೋಡಿರಲಿಲ್ಲ. ಆವತ್ತು ನೋಡಿದರು. ಯಾರೂ ಏನೂ ಮಾತಾಡಲಿಲ್ಲವಂತೆ, ಚಕ್ಕುಲಿ ಡಬ್ಬಿ ಮಾತ್ರ ಒಂದಿದ್ದದ್ದು ಎರಡಾಯಿತು.

ಇಷ್ಟು ಹೇಳಿದೆ ಅಂತ ದಿನವಿಡೀ ಮೊಬೈಲ್ ಕೊಟ್ಟು ಕೂರಿಸಬೇಡಿ ಮತ್ತೆ! ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಒಂದು ವರ್ಷದೊಳಗಿನ ಕೂಸಿಗೆ ಬೇಡವೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಥಿಯೇಟರಿಗೆ ಹೋಗುವಾಗ ಪೋಸ್ಟರಿನ ಮೇಲಿನ ಸರ್ಟಿಫಿಕೇಟನ್ನೂ ನೋಡಿ. ಈಗ ಯುಎ ಪಕ್ಕದಲ್ಲೇ 7, 13, 16 ಅಂತ ವಯಸ್ಸು ಹಾಕಿರುತ್ತಾರೆ. ಕಾರ್ಟೂನ್ ಅಂದಾಕ್ಷಣ ಕೂಸಿಗೂ ಆಗುತ್ತದೆ ಅಂತಲ್ಲ, ನರಸಿಂಹನ ಉಗ್ರರೂಪಕ್ಕೆ ಚೀರಿ ಅತ್ತ ಮಕ್ಕಳೂ ಇದ್ದಾರೆ.

ಮತ್ತೆ ಒಂದು ಸಣ್ಣ ಕೆಲಸ ಮಾಡಿ. ಮನೆಯಲ್ಲೆಲ್ಲ ಒಟ್ಟಿಗೆ ಕೂತು ಸಿನಿಮಾ ನೋಡಿದ ದಿನ, ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ. ಯಾರ್ಯಾರಿದ್ದರು, ಯಾರು ನಿದ್ದೆ ಹೊಡೆದರು, ಹೊರಗೆ ಮಳೆ ಇತ್ತಾ. ವರ್ಷ ಮುಗಿದ ಮೇಲೆ ಕ್ಯಾಲೆಂಡರನ್ನು ಡಬ್ಬಿಗೆ ಹಾಸಲು ಹರಿಯಬೇಡಿ. ಹೊಳೆನರಸೀಪುರದ ಗೆಳತಿಗೆ ಮೊನ್ನೆ ಅತ್ತೆಯ ಎಲೆಅಡಿಕೆ ಸಂಚಿ ಜಾಲಾಡುವಾಗ ಆ ಸೊನ್ನೆ ರೂಪಾಯಿ ಬಸ್ ಟಿಕೆಟ್ ಸಿಕ್ಕಿತಂತೆ. ಮಡಚಿ ಮಡಚಿ ಇಟ್ಟಿದ್ದರು. ಅಂಥ ಟಿಕೆಟ್ಟಿನ ಕಾಗದದಲ್ಲಿ ಬಿಸಿಲಿಗೆ, ಸೆಕೆಗೆ ಅಕ್ಷರ ಬೇಗ ಅಳಿಸಿಹೋಗುತ್ತದೆ. ನಿಮ್ಮಲ್ಲೂ ಇದ್ದರೆ ಇವತ್ತೇ ಒಂದು ಜೆರಾಕ್ಸ್ ಮಾಡಿಸಿಡಿ.