ಹಿಂಬಾಗಿಲಿಗೂ ಒಂದು ಲೆಕ್ಕ ಬೇಕು

ಪುಣೆಯ ಹಿಂಜೆವಾಡಿ, ಹೈದರಾಬಾದಿನ ಗಚ್ಚಿಬೌಲಿ, ಚೆನ್ನೈನ ಓಎಂಆರ್ ಕಡೆ ಸರ್ವರ್ ನೋಡಿಕೊಳ್ಳುವ ನಮ್ಮವರು ಬಹಳ ಮಂದಿ. ಒಂದೇ ಯಂತ್ರದಲ್ಲಿ ಹಲವು 'ವರ್ಚುವಲ್' ಕಂಪ್ಯೂಟರ್‌ಗಳನ್ನು ಓಡಿಸುವ ಹೈಪರ್‌ವೈಸರ್ ಅವರಿಗೆ ದಿನನಿತ್ಯದ ಸಂಗಾತಿ. 2023ರ ನವೆಂಬರಿನಲ್ಲಿ ವಿಎಂವೇರ್ ಕಂಪನಿಯನ್ನು ಕೊಂಡ ಬ್ರಾಡ್‌ಕಾಮ್, ಶಾಶ್ವತ ಲೈಸೆನ್ಸ್ ಮಾರಾಟ ನಿಲ್ಲಿಸಿ ಚಂದಾ ಪದ್ಧತಿ ತಂದಿತು. ಆಮೇಲೆ ಇವರಿಗೆ ಎದುರಾದ ಪ್ರಶ್ನೆ ಒಂದೇ: ಬೇರೆ ಹೈಪರ್‌ವೈಸರ್‌ಗೆ ಹೋಗುವುದು ಎಷ್ಟು ಕಷ್ಟ?

ಇಂಥ ಅವಲಂಬನೆ ತಗ್ಗಿಸಲು ಇರುವ ಮುಕ್ತ ತಂತ್ರಾಂಶ ಲಿಬ್‌ವರ್ಟ್. 2005ರಲ್ಲಿ ಝೆನ್‌ಗಾಗಿ ಶುರುವಾದ ಇದು ಈಗ ಕೆವಿಎಂ, ಎಲ್‌ಎಕ್ಸ್‌ಸಿ, ವಿಎಂವೇರ್ ಇಎಸ್‌ಎಕ್ಸ್ ಜೊತೆಗೂ ಮಾತಾಡುತ್ತದೆ. ಕೆಳಗೆ ಯಾವುದೇ ಇರಲಿ, ಮೇಲಿನಿಂದ ಕೊಡುವ ಆದೇಶ ಒಂದೇ.

ತೊಡಕು ಇರುವುದು ಇಲ್ಲೇ. ಎಲ್ಲರಲ್ಲೂ ಇರುವ ಸೌಲಭ್ಯ ಮಾತ್ರ ಕೊಟ್ಟರೆ ಒಂದೊಂದರ ವಿಶೇಷ ಶಕ್ತಿ ವ್ಯರ್ಥ. ಎಲ್ಲರದ್ದನ್ನೂ ಇದ್ದ ಹಾಗೆಯೇ ಸುರಿದರೆ ನಡುವಿನ ಪದರ ಯಾಕೆ ಬೇಕು?

ಲಿಬ್‌ವರ್ಟ್ ಎರಡು ದಾರಿ ಇಟ್ಟಿದೆ. ಒಂದು ರಾಜಮಾರ್ಗ: ಹೊಸ ಸೌಲಭ್ಯ ಒಂದೇ ಹೈಪರ್‌ವೈಸರ್‌ನಲ್ಲಿದ್ದರೂ ಅದನ್ನು ಸಾಮಾನ್ಯ ಎಕ್ಸ್‌ಎಂಎಲ್ ರೂಪದಲ್ಲಿ ವಿವರಿಸುವುದು. ಉಳಿದವು 'ನಮ್ಮಲ್ಲಿಲ್ಲ' ಎಂದು ಹೇಳಬಹುದು. ಇನ್ನೊಂದು ಹಿಂಬಾಗಿಲು: ಕ್ಯೂಇಎಂಯು ಆಯ್ಕೆಗಳನ್ನು ಎಕ್ಸ್‌ಎಂಎಲ್‌ನಲ್ಲೇ ಬರೆದು ನೇರ ದಾಟಿಸಬಹುದು, ಅದರ ಮಾನಿಟರ್‌ಗೆ ನೇರ ಆದೇಶವನ್ನೂ ಕಳಿಸಬಹುದು. ಮಾನಿಟರ್ ಆದೇಶದ ಸೌಲಭ್ಯವನ್ನು ಮುಖ್ಯ ಲೈಬ್ರರಿಯಲ್ಲಿ ಇಡದೆ 'ಲಿಬ್‌ವರ್ಟ್-ಕ್ಯೂಇಎಂಯು' ಎಂಬ ಬೇರೆ ಲೈಬ್ರರಿಯಲ್ಲಿ ಇಟ್ಟಿದ್ದಾರೆ. ಹಿಂಬಾಗಿಲು ಬಳಸಿದ ಯಂತ್ರಕ್ಕೆ ಲಾಗ್‌ನಲ್ಲಿ 'ಟೇಂಟೆಡ್' ಎಂಬ ಗುರುತು ಬೀಳುತ್ತದೆ. ತೊಂದರೆ ಬಂದಾಗ ಮೊದಲು ಎಲ್ಲಿ ನೋಡಬೇಕೆಂದು ಆ ಗುರುತೇ ಹೇಳುತ್ತದೆ.

ಈ ಎಚ್ಚರಿಕೆಗೆ ಕಾರಣವಿದೆ. ಮಾನಿಟರ್ ಮೂಲಕ ಡಿಸ್ಕ್ ಒಂದನ್ನು ತೆಗೆದರೆ, ಲಿಬ್‌ವರ್ಟ್ ಇಟ್ಟುಕೊಂಡ ಲೆಕ್ಕವೂ ವಾಸ್ತವವೂ ತಾಳೆಯಾಗದೆ ಹೋಗಬಹುದು. ಆಮೇಲೆ ಯಂತ್ರವನ್ನು ಇನ್ನೊಂದು ಸರ್ವರ್‌ಗೆ ಸಾಗಿಸುವಾಗ ಪೇಚಾಟ.

ಹಾಗೆಂದು ಹಿಂಬಾಗಿಲು ಕೆಟ್ಟದ್ದಲ್ಲ. ಅತಿಥಿ ಯಂತ್ರಕ್ಕೆ ಬೂಟ್ ವೇಳೆ ಮಾಹಿತಿ ಕೊಡುವ 'ಎಫ್‌ಡಬ್ಲ್ಯೂ-ಸಿಎಫ್‌ಜಿ'ಯನ್ನು ಮೊದಲು ಜನ ಹೀಗೇ ಬಳಸುತ್ತಿದ್ದರು, 6.5.0 ಆವೃತ್ತಿಯಿಂದ ಅದಕ್ಕೆ ರಾಜಮಾರ್ಗ ಸಿಕ್ಕಿತು.

ನಿಮ್ಮಲ್ಲಿ ಲಿಬ್‌ವರ್ಟ್ ಇದ್ದರೆ ಎಕ್ಸ್‌ಎಂಎಲ್ ಫೈಲುಗಳಲ್ಲಿ 'ಕ್ಯೂಇಎಂಯು:ಕಮಾಂಡ್‌ಲೈನ್' ಎಷ್ಟು ಕಡೆ ಇದೆ ಎಂದು ಒಮ್ಮೆ ಹುಡುಕಿ. ಅಷ್ಟು ಕಡೆ ನೀವು ಕ್ಯೂಇಎಂಯುಗೇ ಕಟ್ಟುಬಿದ್ದಿದ್ದೀರಿ. ಪ್ರತಿ ಅಪ್‌ಗ್ರೇಡ್ ವೇಳೆ ಆ ಪಟ್ಟಿ ತೆಗೆದು, ಯಾವುದಕ್ಕೆ ಅಧಿಕೃತ ದಾರಿ ಬಂದಿದೆ ನೋಡಿ. ಮನೆ ಬದಲಿಸುವ ದಿನ ಬಂದಾಗ ಹೊರೆ ಅಷ್ಟು ಕಡಿಮೆ.