ಕೊಟ್ಟರ ಹೋತು, ಇಟ್ಟರ ಖರ್ಚು

ದಸರೆಯ ಮುಂಚಿನ ವಾರ. ಬಾಗಲಕೋಟೆ ನವನಗರದ ಗ್ಯಾರೇಜೊಂದರ ಮುಂದೆ ಗಾಡಿಗಳ ಸಾಲು ಗಟಾರ ದಾಟಿ ರಸ್ತೆಗೆ ಬಂದಿದೆ. ಆಯುಧ ಪೂಜೆಯ ಹೊತ್ತಿಗೆ ಎಲ್ಲವೂ ಮೈತೊಳೆದು, ಎಣ್ಣೆ ಕಂಡು, ಚೆಂಡುಹೂವಿನ ಹಾರಕ್ಕೆ ತಯಾರಾಗಬೇಕು. ಗೋಣಿತಟ್ಟಿನ ಮೇಲೆ ಸ್ಪ್ಲೆಂಡರೊಂದರ ಎಂಜಿನ್ನು ಬಿಚ್ಚಿ ಹರಡಿದೆ. ಮಿಸ್ತ್ರಿ ಸಿಲಿಂಡರನ್ನು ಬಿಸಿಲಿಗೆ ಹಿಡಿದು, ಒಳಗಿನ ಗೀರುಗಳನ್ನು ಬೆರಳಿನಿಂದ ಸವರಿ, ಮಾಲೀಕನತ್ತ ಚಾಚುತ್ತಾನೆ. "ಬೋರ್ ಹೋಗೇತ್ರಿ. ಪಿಸ್ಟನ್, ಕ್ಲಚ್ ಪ್ಲೇಟ್, ಚೈನ್ ಸ್ಪ್ರಾಕೆಟ್, ಎಲ್ಲಾ ಕೂಡಿ ರೊಕ್ಕ ಭಾಳ ಹತ್ತತೈತಿ. ವಿಚಾರ ಮಾಡ್ರಿ."

ಮಾಲೀಕ ವಿಚಾರ ಮಾಡುವುದು ಎದುರಿನ ಶೋರೂಮನ್ನು ನೋಡುತ್ತ. ಅಲ್ಲಿ ಶಾಮಿಯಾನ, ಬಲೂನು, ಎಕ್ಸ್‌ಚೇಂಜ್ ಬೋರ್ಡು. 2025ರಲ್ಲಂತೂ ನವರಾತ್ರಿಯ ಮೊದಲ ದಿನ, ಸೆಪ್ಟೆಂಬರ್ 22ಕ್ಕೇ, 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ವರ್ಷಗಟ್ಟಲೆ "ಬರೂ ದಸರಾಕ್ಕ ನೋಡೂಣು" ಎಂದು ಮುಂದೂಡಿದವರಿಗೆ ನೆವ ಇಲ್ಲದಂತಾಯಿತು.

ಈ ಊರಿಗೆ ಗಾಡಿಯ ನಂಟು ಹತ್ತಿದ್ದಕ್ಕೆ ನೀರೂ ಒಂದು ಕಾರಣ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಹೋದವು. ದೂರದಲ್ಲಿ ಸೆಕ್ಟರುಗಳ ನವನಗರ ಎದ್ದಿತು. ನಡೆದು ಮುಗಿಸುತ್ತಿದ್ದ ಪೇಟೆ ಕೆಲಸಕ್ಕೆ ಪೆಟ್ರೋಲು ಬೇಕಾಯಿತು. ಮುಳುಗಡೆ ಪರಿಹಾರದ ರೊಕ್ಕದಲ್ಲಿ ಮನೆ ಕಟ್ಟಿ ಉಳಿದದ್ದರಲ್ಲಿ ಗಾಡಿ ತಂದವರು ಇದ್ದಾರೆ. ಮನೆಯಂತೂ ನೀರಿಗೆ ಹೋಯಿತು, ಗಾಡಿಯನ್ನೂ ಗುಜರಿಗೆ ಹಾಕು ಎಂದರೆ ಅಂಥವರಿಗೆ ಸಿಟ್ಟು ಬರುವುದು ಸಹಜವೇ.

ಗೋಣಿತಟ್ಟಿನ ಪಕ್ಕ ಬಿದ್ದ ಟ್ಯಾಂಕಿನ ಮೇಲೆ 'ಹೀರೊ ಹೊಂಡಾ' ಎಂಬ ಅಕ್ಷರ ಮಾಸಿಲ್ಲ. ಸ್ಪ್ಲೆಂಡರ್ ಬಂದದ್ದು 1994ರಲ್ಲಿ. ಹೀರೊ, ಹೊಂಡಾ ಬೇರೆಯಾಗುವುದು ಗೊತ್ತಾದದ್ದು 2010ರ ಡಿಸೆಂಬರಿನಲ್ಲಿ. ಅದಕ್ಕೆ ಮುಂಚಿನದಾದರೆ "ಅಸಲಿ ಜಪಾನ್ ಎಂಜಿನ್ ರೀ" ಎಂದು ಎದೆ ಸೆಟೆಸುವವರು ಇಲ್ಲಿ ಓಣಿಗೊಬ್ಬರು. ಅದರಲ್ಲಿ ಎಷ್ಟು ಭಕ್ತಿ, ಎಷ್ಟು ಲೆಕ್ಕ ಎಂದು ಬಿಡಿಸುವುದು ಕಷ್ಟ. ಆದರೆ ಒಂದು ಅಂಜಿಕೆ ಮಾತ್ರ ಖರೇ. 2020ರ ಏಪ್ರಿಲಿನಿಂದ ಹೊಗೆಗೆ ಬಿಎಸ್-6 ನಿಯಮ ಬಂತು. ಕಾರ್ಬುರೇಟರಿನ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್, ಸೆನ್ಸರು, ವೈರು ಬಂದವು. ಹಳೆಯ ಗಾಡಿ ದಾರಿಯಲ್ಲಿ ಕೈಕೊಟ್ಟರೆ ಪ್ಲಗ್ ಬಿಚ್ಚಿ ಒರೆಸಿ, ಜೆಟ್ಟಿಗೆ ಸಣ್ಣ ತಂತಿ ಹಾಕಿ, ಊದಿ, ಕಿಕ್ ಹೊಡೆದು ಊರು ಸೇರಬಹುದು. ಹೊಸದು ನಿಂತರೆ ನಿಂತಿತು.

ಬಾದಾಮಿಯ ಕಡೆ ಹೊರಳಿದರೆ ಮಣ್ಣಿನ ಬಣ್ಣವೇ ಬೇರೆ. ಕೆಂಪು ಬಂಡೆಗಳ ನಡುವೆ ಸಂಜೆ ಹೊತ್ತಿಗೆ ಒಂದು ಸದ್ದು ಎದ್ದು, ಗುಡ್ಡಕ್ಕೆ ಬಡಿದು ಎರಡಾಗಿ ಮರಳುತ್ತದೆ. ಅದು ಯೆಜ್ಡಿ. ಎಂಜಿನ್ನಿಗೆ ಸಿಲಿಂಡರು ಒಂದೇ, ಸೈಲೆನ್ಸರು ಮಾತ್ರ ಎರಡು. ಕಿಕ್ ಹೊಡೆಯುವ ಸರಳೇ ಮಡಚಿದರೆ ಗೇರಿನ ಸರಳು. ಈಗಿನ ಹುಡುಗರಿಗೆ ಕೊಟ್ಟರೆ ಚಾಲೂ ಮಾಡಲು ಬಾರದೆ ಕೆಳಗಿಳಿಯುತ್ತಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಕಟ್ಟಿತು, ಎಪ್ಪತ್ತರ ದಶಕದಿಂದ ಯೆಜ್ಡಿ ಹೆಸರಿನಲ್ಲಿ ಮುಂದುವರಿಸಿತು, 1996ರಲ್ಲಿ ಬಾಗಿಲು ಹಾಕಿತು. ಅಂದರೆ ಬನಶಂಕರಿ ರಸ್ತೆಯಲ್ಲಿ ಹೊಗೆ ಬಿಟ್ಟು ಹೋದ ಈ ಗಾಡಿ ಎಷ್ಟು ಹರೆಯದ್ದೆಂದರೂ ಮೂರು ದಶಕ ಕಂಡದ್ದು. ಹೊಸ ಕಂಪನಿ 2018ರಲ್ಲಿ ಜಾವಾ ಹೆಸರನ್ನೂ 2022ರಲ್ಲಿ ಯೆಜ್ಡಿ ಹೆಸರನ್ನೂ ಮತ್ತೆ ರಸ್ತೆಗೆ ತಂದಿದೆ. ಹಳೆಯದನ್ನು ಇಟ್ಟುಕೊಂಡವರನ್ನು ಆ ಬಗ್ಗೆ ಕೇಳಿ ನೋಡಿ: "ಹೆಸರೇನೋ ಅದ ಐತಿ, ಸಪ್ಪಳ ಎಲ್ಲೈತಿ?"

ಬಾದಾಮಿಯ ಗಾಡಿಗಳಿಗೆ ಮುಪ್ಪಿನ ಜೊತೆ ಇನ್ನೊಂದು ಕಾಟವಿದೆ. ಮೇಣಬಸದಿ ಗುಹೆಗಳ ಕೆಳಗೆ ನಿಲ್ಲಿಸಿದರೆ ಮಂಗಗಳು ಸೀಟಿನ ಕವರು ಹರಿದು ಸ್ಪಂಜು ಎಳೆಯುತ್ತವೆ. ಹಳೆಯ ಗಾಡಿಯವನು ಗೋಣಿಚೀಲ ಸುತ್ತಿ ಹಗ್ಗ ಬಿಗಿದು ನಿಶ್ಚಿಂತೆಯಿಂದ ಚಹಾಕ್ಕೆ ಹೋಗುತ್ತಾನೆ. ಹೊಸ ಗಾಡಿಯವನು ಗಾಡಿ ಬಿಟ್ಟು ಕದಲುವುದಿಲ್ಲ.

ಹುನಗುಂದದ ಎರೆಹೊಲಗಳಲ್ಲಿ ಪ್ರಶ್ನೆ ಬೇರೆ ರೂಪದಲ್ಲಿ ನಿಂತಿದೆ. ಅಲ್ಲಿ ಗಾಡಿ ಮಾರುವುದೂ ಇಲ್ಲ, ಇಟ್ಟುಕೊಳ್ಳುವುದೂ ಇಲ್ಲ; ಹೊಲಕ್ಕೆ ಹಾಕುತ್ತಾರೆ. ಮಗನಿಗೆ ಹೊಸದು ಬಂದ ದಿನ ಅಪ್ಪನದು 'ಹೊಲದ ಗಾಡಿ' ಆಗುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿ ಗಾಲಿ ಬಿಗಿಯುತ್ತದೆಂದು ಮೊದಲು ಕಳಚುವುದು ಮುಂದಿನ ಮಡ್‌ಗಾರ್ಡು. ಆಮೇಲೆ ಹಾರ್ನು ಹೋಗುತ್ತದೆ, ಕನ್ನಡಿ ಹೋಗುತ್ತದೆ, ದೀಪ ಹೋಗುತ್ತದೆ. ಹಿಂದೆ ಮೇವಿನ ಹೊರೆ, ಮುಂದೆ ಹಾಲಿನ ಕ್ಯಾನು, ಹ್ಯಾಂಡಲಿಗೆ ಬುತ್ತಿಗಂಟು. ನೋಡುವವರಿಗೆ ಮರುಕ ಬರಬಹುದು. ನನಗೆ ಇದಕ್ಕಿಂತ ಮರ್ಯಾದೆಯ ನಿವೃತ್ತಿ ಕಾಣುವುದಿಲ್ಲ. ಅಡಚಣಿ ಒಂದೇ: ಹೊಲದ ಗಾಡಿ ಹೊಲದಲ್ಲಿ ನಿಲ್ಲುವುದಿಲ್ಲ. ಸಂತೆಯ ದಿನ ಹೆದ್ದಾರಿಗೂ ಬರುತ್ತದೆ, ಆರ್‌ಸಿ ಮುಗಿದಿರುತ್ತದೆ, ಇನ್ಶೂರೆನ್ಸ್ ಯಾವಾಗ ತೀರಿತೋ ಮಾಲೀಕನಿಗೂ ನೆನಪಿರುವುದಿಲ್ಲ.

ಇಳಕಲ್ಲಿನಲ್ಲಿ ಸೀರೆಯ ಗಂಟು ಹೊತ್ತ ಗಾಡಿಗಳು ಮಗ್ಗದ ಮನೆಗಳ ಸಂದಿಯಲ್ಲಿ ನುಸುಳುತ್ತವೆ. ನೇಕಾರನೊಬ್ಬನ ಬಾಗಿಲಲ್ಲಿ ನಿಂತದ್ದಕ್ಕೆ ಒಂದು ಕಂಪನಿಯ ಹೆಡ್‌ಲೈಟು, ಇನ್ನೊಂದರ ಸೀಟು, ಮತ್ತೆಲ್ಲಿಯದೋ ಸೈಲೆನ್ಸರು. ನಕ್ಕಿದ್ದಕ್ಕೆ ಆತ ಮಗ್ಗದಿಂದ ಏಳದೆಯೇ ಹೇಳಿದ: "ಇಳಕಲ್ಲ ಸೀರಿಗೆ ಮೈ ಬ್ಯಾರೆ, ಸೆರಗ ಬ್ಯಾರೆ. ಕೊಂಡಿ ಹಾಕಿದ್ರ ಒಂದ ಸೀರಿ. ನನ್ನ ಗಾಡೀನೂ ಹಂಗ." ಒಳಗಿನಿಂದ ಹೆಂಡತಿಯ ದನಿ: "ಕೊಂಡಿ ಹಾಕಿದ ರೊಕ್ಕದಾಗ ಹೊಸಾದ ಬರ್ತಿತ್ತು." ಇಬ್ಬರದೂ ನಿಜ. ಆದರೆ ಮದುವೆಯಾದ ಹೊಸದರಲ್ಲಿ ಕೂಡಲಸಂಗಮಕ್ಕೆ ಇದೇ ಗಾಡಿಯ ಮೇಲೆ ಹೋಗಿದ್ದೆವೆಂದು ನೆನೆಸಿದವಳೂ ಆಕೆಯೇ.

ಊರೊಳಗೆ ಓಡಿಸುವುದಕ್ಕೆ ನನ್ನ ತಕರಾರಿಲ್ಲ. ಇಳಕಲ್ಲಿನಿಂದ ಹುನಗುಂದದ ದಾರಿ ಮಾತ್ರ ರಾಷ್ಟ್ರೀಯ ಹೆದ್ದಾರಿ 50. ಗ್ರಾನೈಟ್ ದಿಮ್ಮಿ ಹೇರಿದ ಲಾರಿಗಳ ಹಾದಿ. ಸವೆದ ಡ್ರಮ್ ಬ್ರೇಕಿನ ಗಾಡಿಯ ಮೇಲೆ ಮೂವರು ಕೂತು ಅಲ್ಲಿಗೆ ಇಳಿಯುವುದು ಪ್ರೀತಿಯಲ್ಲ. 2019ರ ಏಪ್ರಿಲಿನಿಂದ ಎಲ್ಲ ಹೊಸ ಗಾಡಿಗಳಿಗೂ, 125 ಸಿಸಿವರೆಗೆ ಎರಡು ಚಕ್ರ ಒಟ್ಟಿಗೆ ಹಿಡಿಯುವ ಬ್ರೇಕು, ಅದಕ್ಕೂ ಮೇಲ್ಪಟ್ಟರೆ ಎಬಿಎಸ್ ಕಡ್ಡಾಯ. ದಿನವೂ ಹೆದ್ದಾರಿ ತುಳಿಯುವವರು ಈ ಒಂದೇ ಕಾರಣಕ್ಕೆ ಗಾಡಿ ಬದಲಿಸಬೇಕು.

ಈಚೆಗೆ ಗ್ಯಾರೇಜುಗಳಲ್ಲಿ ಹೊಸ ದೂರು ಹುಟ್ಟಿದೆ: "ಪೆಟ್ರೋಲ್ ಮೊದಲಿನಂಗಿಲ್ಲ." ಶೇ 20ರಷ್ಟು ಎಥನಾಲ್ ಬೆರೆತ ಇಂಧನ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು, 2025ರ ಹೊತ್ತಿಗೆ ಎಲ್ಲ ಕಡೆ ಹಬ್ಬಿತು. ಎಥನಾಲ್ ನೀರನ್ನು ಹೀರುತ್ತದೆ. ಹಳೆಯ ರಬ್ಬರ್ ಪೈಪು, ವಾಷರುಗಳನ್ನು ಬೇಗ ಹಾಳು ಮಾಡುತ್ತದೆ. ಮೈಲೇಜನ್ನೂ ತುಸು ಇಳಿಸುತ್ತದೆ. ತಮಾಷೆಯೆಂದರೆ ಆ ಎಥನಾಲ್ ಪರದೇಶದ್ದಲ್ಲ. ಮುಧೋಳ, ಸಮೀರವಾಡಿಯ ಕಡೆ ಕಬ್ಬಿನಿಂದ ಅದನ್ನು ಬಟ್ಟಿ ಇಳಿಸುವ ಕಾರ್ಖಾನೆಗಳು ಇದೇ ಜಿಲ್ಲೆಯವು. ಹಳೆಯ ಗಾಡಿಯ ಮೇಲೆ ಕಬ್ಬಿನ ಗದ್ದೆಗೆ ಹೋಗುವ ರೈತ, ತನ್ನ ಬೆಳೆಯಿಂದಲೇ ತನ್ನ ಪೈಪು ಸವೆಸುತ್ತಿದ್ದಾನೆ. ತಿಂಗಳುಗಟ್ಟಲೆ ನಿಲ್ಲಿಸುವವರು ಟ್ಯಾಂಕು ಬರಿದು ಮಾಡಿ ನಿಲ್ಲಿಸಲಿ, ಪೈಪು ಹೊಸದು ಹಾಕಿಸಲಿ. ಅಷ್ಟಕ್ಕೇ ಗಾಡಿ ಮಾರಬೇಕಿಲ್ಲ.

ಸರ್ಕಾರವೂ ಮೆಲ್ಲಗೆ ತಳ್ಳುತ್ತಿದೆ. 15 ವರ್ಷ ತುಂಬಿದ ಬೈಕಿನ ನೋಂದಣಿ ನವೀಕರಣಕ್ಕೆ 300 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಲ್ಲಿ 1,000 ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದವಕ್ಕೆ 2,000 ಆಯಿತು. ಪ್ರತಿ ಐದು ವರ್ಷಕ್ಕೊಮ್ಮೆ ತೆರಬೇಕಾದ ಈ ರೊಕ್ಕ, ಎಂಜಿನ್ನು ಗಟ್ಟಿ ಇರುವ ಗಾಡಿಗೆ ದುಬಾರಿಯೇನಲ್ಲ. ಫಾರ್ಮ್ 25 ತುಂಬಿ ಕೊಡಿ, ಓಡಿಸಿ.

ಇನ್ನು ಕೊಟ್ಟೇಬಿಡುವವರಿಗೆ ಒಂದು ಮಾತು. ಸಂತೆಯಲ್ಲಿ ರೊಕ್ಕ ಎಣಿಸಿಕೊಂಡು ಬೀಗದಕೈ ಕೊಟ್ಟರೆ ಮಾರಾಟ ಮುಗಿಯುವುದಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು. ಅಪಘಾತವಾದರೆ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಬೇಕಾದರೆ ಕಣ್ಣೀರು ಹಾಕಿಯೇ ಕೊಡಿ, ಆದರೆ ಫಾರ್ಮ್ 29, 30ಕ್ಕೆ ಸಹಿ ಬಿದ್ದು ಹೆಸರು ಬದಲಾಗುವವರೆಗೆ ಎರಡನೆಯ ಬೀಗದಕೈ ನಿಮ್ಮ ಹತ್ತಿರವೇ ಇರಲಿ.